ಹತ್ತಿಯ ಗುಲಾಬಿ ಕಾಯಿಕೊರಕವೂ ಬಿ.ಟಿ. ಹತ್ತಿಯ ಸಂರಕ್ಷಣೆಯೂ

(ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ರೈತರ ಉಪಯೋಗಕ್ಕಾಗಿ)

ಚಿತ್ರದುರ್ಗ ಜಿಲ್ಲೆಯಲ್ಲಿ ಮಳೆಯು ಅತಿ ಕಡಿಮೆಯಾಗಿ ಬೀಳುವ ಭಾಗಗಳಲ್ಲಿ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮುಖ್ಯವಾದುವು. ಇಲ್ಲಿಯ ಕೆಂಪು ಮರಳುಭೂಮಿಗೆ ಶೇಂಗಾ ಪ್ರಧಾನವಾದ ಬೆಳೆಯೆಂಬುದು ಸರ್ವರಿಗೂ ತಿಳಿದೇ ಇದೆ. ಆದರೆ ಎರೆಭೂಮಿಯಿರುವ ಕಡೆಗಳಲ್ಲಿಯೂ, ಕೊಳವೆಬಾವಿಯ ಆಸರೆಯುಳ್ಳ ಜಮೀನುಗಳಲ್ಲಿಯೂ ಹತ್ತಿಯನ್ನು ಬೆಳೆಯುವವರು ಉಂಟು. ಶೇಂಗಾ ಕೈಕೊಟ್ಟ ವರ್ಷದಲ್ಲಿ ಸಾಲ ತೀರಿಸುವುದಕ್ಕೂ ಮನೆಯ ಖರ್ಚಿಗೂ ಇಂಥ ಎರಡು ಮೂರು ಎಕರೆ ಹತ್ತಿಯೇ ಅನೇಕ ಕುಟುಂಬಗಳಿಗೆ ಆಧಾರವಾಗುತ್ತದೆ. ಹೀಗಿರಲಾಗಿ ಈ ಬೆಳೆಗೆ ಬಂದೊದಗಿರುವ ಗುಲಾಬಿ ಕಾಯಿಕೊರಕದ ಹಾವಳಿಯನ್ನು ಕುರಿತು ರೈತರು ಚೆನ್ನಾಗಿ ತಿಳಿದುಕೊಳ್ಳುವುದು ಅವಶ್ಯಕ.

ಹಳ್ಳಿಗಳಲ್ಲಿ ಸಂಚಾರ ಮಾಡುವಾಗ ರೈತರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಈ ಬೀಜಕ್ಕೆ ಹುಳು ಬೀಳುವುದಿಲ್ಲವೆಂದು ಹೇಳಿ ಕೊಟ್ಟರಲ್ಲಾ ಸ್ವಾಮಿ, ಈಗ ಕಾಯಿ ಒಡೆದು ನೋಡಿದರೆ ಒಳಗೆಲ್ಲಾ ಹುಳುವೇ ಇದೆ. ಬೀಜ ಸುಳ್ಳೋ, ಹುಳು ಹೊಸದೋ?” ಬೀಜವೂ ಸುಳ್ಳಲ್ಲ, ಹುಳುವೂ ಹೊಸದಲ್ಲ. ಹಳೆಯ ಹುಳುವೇ ಹೊಸ ಶಕ್ತಿಯನ್ನು ಸಂಪಾದಿಸಿಕೊಂಡಿದೆ. ಅದು ಹೇಗೆ ಸಂಪಾದಿಸಿಕೊಂಡಿತು, ಅದಕ್ಕೆ ಇನ್ನು ಮುಂದೆ ಏನು ಮಾಡತಕ್ಕದ್ದು ಎಂಬ ಎರಡು ವಿಷಯಗಳನ್ನು ಈ ಲೇಖನದಲ್ಲಿ ವಿವರಿಸಿದೆ.

ಹುಳುವಿನ ಸ್ವರೂಪ ಮತ್ತು ಜೀವನಕ್ರಮ

ಹತ್ತಿಯ ಕಾಯನ್ನು ಕೊರೆಯುವ ಹುಳುಗಳಲ್ಲಿ ಮೂರು ಮುಖ್ಯವಾದುವು. ಹಸಿರು ಅಥವಾ ಅಮೆರಿಕನ್ ಕಾಯಿಕೊರಕ, ಚುಕ್ಕೆ ಕಾಯಿಕೊರಕ ಮತ್ತು ಗುಲಾಬಿ ಕಾಯಿಕೊರಕ. ಇವುಗಳಲ್ಲಿ ಮೂರನೆಯದು ನಮ್ಮ ದೇಶದ ಹಳೆಯ ಶತ್ರು. ಗುಜರಾತಿನ ಭರೂಚ್ ಸೀಮೆಯಿಂದ ಕಳುಹಿಸಿದ ಮಾದರಿಗಳನ್ನು ಪರೀಕ್ಷಿಸಿ ಸಾಂಡರ್ಸ್ ಎಂಬ ವಿದ್ವಾಂಸನು ೧೮೪೩ರಲ್ಲಿಯೇ ಇದನ್ನು ವರ್ಣಿಸಿದ್ದಾನೆ. ಬೀಜದೊಳಗೆ ಅಡಗಿ ಪ್ರಯಾಣ ಮಾಡುವುದು ಇದರ ಸ್ವಭಾವ. ಹೀಗೆಯೇ ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಈಜಿಪ್ಟನ್ನೂ, ಅಲ್ಲಿಂದ ೧೯೧೧ರಲ್ಲಿ ಮೆಕ್ಸಿಕೋ ದೇಶವನ್ನೂ, ೧೯೧೭ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತ್ಯವನ್ನೂ ಸೇರಿತು.

ಇದರ ಪತಂಗವು ಬೂದುಮಿಶ್ರಿತ ಕಂದುಬಣ್ಣದ್ದು, ಬಹು ಚಿಕ್ಕದು. ಹಗಲಿನಲ್ಲಿ ಮಣ್ಣಿನ ಬಿರುಕುಗಳಲ್ಲಿಯೂ ಕಸಕಡ್ಡಿಗಳಲ್ಲಿಯೂ ಅಡಗಿದ್ದು ರಾತ್ರಿ ಮಾತ್ರ ಹಾರಾಡುವುದರಿಂದ ರೈತನ ಕಣ್ಣಿಗೆ ಬೀಳುವುದೇ ಅಪರೂಪ. ಹೆಣ್ಣು ಪತಂಗವು ಮೊದಮೊದಲು ಮೊಗ್ಗುಗಳ ಮೇಲೂ, ಕಾಯಿ ಕಟ್ಟಿದ ಮೇಲೆ ಕಾಯಿಯ ತೊಟ್ಟಿನ ಬಳಿಯ ಹಸಿರು ಎಸಳುಗಳ ಅಡಿಯಲ್ಲೂ ಮೊಟ್ಟೆಯಿಡುತ್ತದೆ. ನಾಲ್ಕೈದು ದಿನಗಳಲ್ಲಿ ಮೊಟ್ಟೆಯೊಡೆದು ಬರುವ ಮರಿಹುಳುವು ಬಿಳುಪಾಗಿ, ಕೂದಲಿನಷ್ಟು ಸಣ್ಣದಾಗಿರುತ್ತದೆ. ಹೊರಗೆ ಸ್ವಲ್ಪ ಹೊತ್ತು ಮಾತ್ರ ಇದ್ದು ಕೂಡಲೇ ಮೊಗ್ಗನ್ನೋ ಕಾಯನ್ನೋ ಹೊಕ್ಕುಬಿಡುತ್ತದೆ. ಹೊಕ್ಕ ರಂಧ್ರವು ಮುಚ್ಚಿಹೋಗುವುದರಿಂದ ಕಾಯಿಯು ಹೊರಕ್ಕೆ ಹಸಿರಾಗಿ, ಆರೋಗ್ಯವಾಗಿಯೇ ಕಾಣುತ್ತದೆ. ಒಳಗೆ ಹುಳುವು ಬೀಜದಿಂದ ಬೀಜಕ್ಕೆ ದಾಟುತ್ತಾ, ತೊಳೆಗಳ ನಡುವಣ ಗೋಡೆಯನ್ನು ತೂತುಮಾಡುತ್ತಾ ಎರಡು ವಾರಗಳಷ್ಟು ಕಾಲ ಬೆಳೆದು ಸುಮಾರು ಅರ್ಧ ಅಂಗುಲ ಉದ್ದವಾಗಿ, ಮೈಮೇಲೆ ಗುಲಾಬಿ ಬಣ್ಣದ ಪಟ್ಟೆಗಳನ್ನು ಪಡೆಯುತ್ತದೆ. ಅನಂತರ ಸಣ್ಣ ದುಂಡು ರಂಧ್ರವನ್ನು ಮಾಡಿಕೊಂಡು ಹೊರಬಂದು, ಮಣ್ಣಿಗೆ ಬಿದ್ದು ಕೋಶವಾಗುತ್ತದೆ. ಕೋಶದಿಂದ ಒಂದು ವಾರ ಹತ್ತು ದಿನಗಳಲ್ಲಿ ಮತ್ತೆ ಪತಂಗವು ಹೊರಡುವುದು. ಹೀಗೆ ಒಂದು ತಲೆಮಾರಿಗೆ ಸುಮಾರು ನಾಲ್ಕೈದು ವಾರಗಳು ಸಾಕು. ಹತ್ತಿಯು ಎಷ್ಟು ಹೆಚ್ಚು ತಿಂಗಳು ಹೊಲದಲ್ಲಿರುವುದೋ ಅಷ್ಟು ಹೆಚ್ಚು ತಲೆಮಾರುಗಳಿಗೆ ಅವಕಾಶವಾಗುವುದೆಂಬುದನ್ನು ಇಲ್ಲಿ ಗಮನಿಸಬೇಕು.

ಈ ಹುಳುವಿನ ಎರಡು ಗುಣಗಳನ್ನು ರೈತರು ವಿಶೇಷವಾಗಿ ನೆನಪಿನಲ್ಲಿಡಬೇಕು. ಒಂದನೆಯದಾಗಿ, ಇದಕ್ಕೆ ಹತ್ತಿಯನ್ನು ಬಿಟ್ಟರೆ ಬೇರೆ ಆಹಾರ ಇಲ್ಲವೆಂದೇ ಹೇಳಬಹುದು. ಹಸಿರು ಕಾಯಿಕೊರಕವಾದರೋ ತೊಗರಿ, ಕಡಲೆ, ಟೊಮ್ಯಾಟೊ, ಮೆಣಸಿನಕಾಯಿ, ಸೂರ್ಯಕಾಂತಿ ಮುಂತಾದ ಅನೇಕ ಪೈರುಗಳನ್ನು ತಿಂದು ಬದುಕಬಲ್ಲದು. ಎರಡನೆಯದಾಗಿ, ಹಗಲು ಚಿಕ್ಕದಾಗಿ ಚಳಿ ಹೆಚ್ಚುವ ಕಾಲದಲ್ಲಿ ಬೆಳೆದ ಹುಳುಗಳಲ್ಲಿ ಕೆಲವು ಕೋಶವಾಗದೆ, ಎರಡು ಬೀಜಗಳನ್ನು ನೂಲಿನಿಂದ ಅಂಟಿಸಿಕೊಂಡು ಅದರೊಳಗೆ ತಿಂಗಳುಗಟ್ಟಲೆ ನಿದ್ರಿಸುವ ಶಕ್ತಿಯುಳ್ಳವು. ಅರಳದೆ ಉಳಿದ ಕಾಯಿಗಳಲ್ಲಿ, ಮನೆಯ ಹಿತ್ತಲಿನ ಹತ್ತಿಕಟ್ಟಿಗೆಯ ಮೆದೆಗಳಲ್ಲಿ, ಹತ್ತಿ ಹಿಂಜುವ ಕಾರ್ಖಾನೆಯ ಬೀಜದ ರಾಶಿಗಳಲ್ಲಿ ಹೀಗೆ ಅಡಗಿದ್ದು, ಮುಂಗಾರು ಮಳೆ ಬಿದ್ದೊಡನೆ ಪತಂಗವಾಗಿ ಹೊರಬರುವುವು. ಮೊದಲ ಗುಣವು ಈ ಹುಳುವಿಗಿರುವ ದೊಡ್ಡ ಬಲಹೀನತೆ. ಎರಡನೆಯದು ಇದರ ದೊಡ್ಡ ಬಲ. ಮುಂದೆ ಹೇಳುವ ಕ್ರಮಗಳೆಲ್ಲವೂ ಈ ಎರಡನ್ನೇ ಆಧರಿಸಿವೆ.

ಬಿ.ಟಿ. ಹತ್ತಿಯೆಂದರೇನು

ಮಣ್ಣಿನಲ್ಲಿ ಸ್ವಾಭಾವಿಕವಾಗಿ ವಾಸಿಸುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಸೂಕ್ಷ್ಮಜೀವಿಯೊಂದುಂಟು. ಈ ಹೆಸರಿನ ಮೊದಲಕ್ಷರಗಳೇ ಬಿ.ಟಿ. ಇದನ್ನು ಮೊಟ್ಟಮೊದಲು ಗುರುತಿಸಿದವನು ಜಪಾನಿನ ಇಶಿವಾತ ಎಂಬ ಶಾಸ್ತ್ರಜ್ಞ. ೧೯೦೧ರಲ್ಲಿ ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಸಾಯುತ್ತಿದ್ದ ಕಾರಣವನ್ನು ಹುಡುಕುವಾಗ ಆತನಿಗೆ ಇದು ದೊರೆಯಿತು. ೧೯೧೧ರಲ್ಲಿ ಜರ್ಮನಿಯ ಬರ್ಲಿನರ್ ಎಂಬಾತನು ಹಿಟ್ಟಿನ ಪತಂಗದ ಹುಳುಗಳಲ್ಲಿ ಇದನ್ನೇ ಕಂಡನು. ಥುರಿಂಜಿಯ ಪ್ರಾಂತ್ಯದಲ್ಲಿ ದೊರೆತುದರಿಂದ ಈ ಹೆಸರು ಬಂದಿತು.

ಈ ಜೀವಿಯು ತನ್ನ ಮೈಯಲ್ಲಿ ಒಂದು ಬಗೆಯ ಸಸಾರಜನಕದ ಹರಳನ್ನು ಉಂಟುಮಾಡುತ್ತದೆ. ಕಾಯಿಕೊರಕದ ಜಾತಿಯ ಹುಳುವು ಅದನ್ನು ತಿಂದರೆ, ಅದರ ಕರುಳಿನ ಕ್ಷಾರರಸದಲ್ಲಿ ಹರಳು ಕರಗಿ, ಕರುಳಿನ ಗೋಡೆಯ ಮೇಲಿರುವ ಕೆಲವು ನಿರ್ದಿಷ್ಟ ಕಣಗಳಿಗೆ ಅಂಟಿಕೊಂಡು, ಅಲ್ಲಿ ರಂಧ್ರಗಳನ್ನು ಮಾಡುತ್ತದೆ. ಹುಳುವು ತಿನ್ನುವುದನ್ನು ನಿಲ್ಲಿಸಿ ಕೆಲವು ದಿನಗಳಲ್ಲಿ ಸಾಯುವುದು. ಈ ಸಸಾರಜನಕವನ್ನು ಉಂಟುಮಾಡುವ ವಂಶವಾಹಿಯನ್ನು ಹತ್ತಿಗಿಡದಲ್ಲಿ ಸೇರಿಸಿ ಮಾಡಿದ ಕುಲಾಂತರಿಯೇ ಬಿ.ಟಿ. ಹತ್ತಿ. ಗಿಡವೇ ಔಷಧವನ್ನು ತಯಾರಿಸಿಕೊಳ್ಳುವುದೆಂದು ಸ್ಥೂಲವಾಗಿ ಹೇಳಬಹುದು. ರಸ ಹೀರುವ ಹೇನು, ಜಿಗಿಹುಳು, ಬಿಳಿನೊಣ ಮುಂತಾದುವುಗಳ ಮೇಲೆ ಇದು ಕೆಲಸಮಾಡುವುದಿಲ್ಲ.

ನಮ್ಮ ದೇಶದಲ್ಲಿ ಇದರ ಬೇಸಾಯಕ್ಕೆ ೨೦೦೨ನೆಯ ಮಾರ್ಚ್ ತಿಂಗಳಲ್ಲಿ ಕೇಂದ್ರ ಸರ್ಕಾರದ ಅನುಮತಿ ದೊರೆಯಿತು. ಮೊದಲು ಬಂದ ತಳಿಗಳಲ್ಲಿ ಕ್ರೈ ೧ಎಸಿ ಎಂಬ ಒಂದೇ ಸಸಾರಜನಕವಿತ್ತು. ೨೦೦೬ರಲ್ಲಿ ಕ್ರೈ ೨ಎಬಿ ಎಂಬ ಇನ್ನೊಂದನ್ನೂ ಸೇರಿಸಿದ ಎರಡು ವಂಶವಾಹಿಗಳ ತಳಿಗಳು ಬಂದುವು. ಹತ್ತು ಹನ್ನೆರಡು ವರ್ಷಗಳೊಳಗಾಗಿ ದೇಶದ ಹತ್ತಿಯ ವಿಸ್ತೀರ್ಣದಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಭಾಗ ಬಿ.ಟಿ. ಹತ್ತಿಯೇ ಆಯಿತು. ಆರಂಭದ ವರ್ಷಗಳಲ್ಲಿ ಕಾಯಿಕೊರಕಗಳಿಗಾಗಿ ಮಾಡುತ್ತಿದ್ದ ಸಿಂಪರಣೆಗಳು ಬಹಳವಾಗಿ ಇಳಿದುವೆಂಬುದನ್ನು ಹಿರಿಯ ರೈತರು ಈಗಲೂ ಹೇಳುತ್ತಾರೆ.

ಹುಳುವಿಗೆ ಶಕ್ತಿ ಬಂದುದು ಹೇಗೆ

ಹುಳುವು ವಿಷವನ್ನು ತಿಂದು ತಿಂದು ಅಭ್ಯಾಸ ಮಾಡಿಕೊಂಡಿತೆಂದು ಅನೇಕರು ಭಾವಿಸುತ್ತಾರೆ. ಇದು ಸರಿಯಲ್ಲ. ವಿಷವನ್ನು ತಿಂದ ದುರ್ಬಲ ಹುಳುವು ಸಾಯುತ್ತದೆಯೇ ಹೊರತು ಅಭ್ಯಾಸಮಾಡಿಕೊಳ್ಳುವುದಿಲ್ಲ. ನಿಜವಾಗಿ ಆಗುವುದು ಬೇರೆ. ಲಕ್ಷಾಂತರ ಹುಳುಗಳ ನಡುವೆ, ಬಿ.ಟಿ. ಸಸಾರಜನಕವು ಅಂಟಿಕೊಳ್ಳುವ ಕರುಳಿನ ಕಣವೇ ಸ್ವಲ್ಪ ವ್ಯತ್ಯಾಸವಾಗಿರುವ ಕೆಲವು ಹುಳುಗಳು ಹುಟ್ಟಿನಿಂದಲೇ ಇರುತ್ತವೆ. ಬೀಗ ಬದಲಾದ ಮನೆಗೆ ಹಳೆಯ ಬೀಗದಕೈ ಹೇಗೆ ನಿರುಪಯೋಗವೋ ಹಾಗೆ ಇವುಗಳ ಮೇಲೆ ಬಿ.ಟಿ. ನಿರುಪಯೋಗ. ಎಲ್ಲ ಹೊಲಗಳೂ ಬಿ.ಟಿ. ಹತ್ತಿಯೇ ಆದಾಗ ದುರ್ಬಲ ಹುಳುಗಳೆಲ್ಲ ಸತ್ತು ಈ ಕೆಲವು ಮಾತ್ರ ಉಳಿಯುತ್ತವೆ. ಉಳಿದವು ತಮ್ಮತಮ್ಮಲ್ಲಿಯೇ ಕೂಡಿ, ತಮ್ಮಂತಹ ಮರಿಗಳನ್ನೇ ಪಡೆಯುತ್ತವೆ. ಕೆಲವೇ ವರ್ಷಗಳಲ್ಲಿ ಸೀಮೆಯ ಹುಳುಗಳೆಲ್ಲವೂ ಆ ಬಗೆಯವೇ ಆಗಿಬಿಡುವುವು.

ನಮ್ಮ ದೇಶದಲ್ಲಿ ಆದುದು ಹೀಗೆಯೇ. ೨೦೦೮ರ ಬೆಳೆಯಲ್ಲಿ ಗುಜರಾತಿನ ಕೆಲವು ಜಿಲ್ಲೆಗಳಿಂದ ಸಂಗ್ರಹಿಸಿದ ಗುಲಾಬಿ ಕಾಯಿಕೊರಕಗಳು ಮೊದಲನೆಯ ಸಸಾರಜನಕವನ್ನು ತಡೆದುಕೊಳ್ಳುವುವೆಂಬುದು ಪರೀಕ್ಷೆಯಿಂದ ತಿಳಿದು, ೨೦೧೦ರಲ್ಲಿ ಪ್ರಕಟವಾಯಿತು. ಮುಂದೆ ಐದಾರು ವರ್ಷಗಳಲ್ಲಿಯೇ ಎರಡನೆಯದನ್ನೂ ತಡೆದುಕೊಳ್ಳುವ ಹುಳುಗಳು ಅಲ್ಲಿ ಕಂಡುಬಂದುವು. ೨೦೧೫ರಲ್ಲಿ ನಮ್ಮ ರಾಜ್ಯದ ರಾಯಚೂರು ಸೀಮೆಯಲ್ಲಿ ಇದರ ಹಾವಳಿ ತೀವ್ರವಾಯಿತು. ೨೦೧೭ರಲ್ಲಿ ಮಹಾರಾಷ್ಟ್ರ, ತೆಲಂಗಾಣ ಮೊದಲಾದ ಪ್ರಾಂತ್ಯಗಳಲ್ಲಿ ಬಹುದೊಡ್ಡ ನಷ್ಟವಾಯಿತು. ಅದೇ ವರ್ಷ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಸಿಂಪಡಿಸುತ್ತಿದ್ದವರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಮಂದಿ ವಿಷದ ಗಾಳಿಯನ್ನು ಸೇವಿಸಿ ಪ್ರಾಣ ಬಿಟ್ಟರು. ಹುಳುವಿಗೆ ಶಕ್ತಿ ಬಂದರೆ ರೈತನ ಜೇಬಿಗೆ ಮಾತ್ರವೇ ಅಲ್ಲ, ಪ್ರಾಣಕ್ಕೂ ಅಪಾಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಆಶ್ರಯ ಬೆಳೆಯ ತತ್ವ

ಇಂಥ ಪರಿಣಾಮವಾಗಬಹುದೆಂದು ಶಾಸ್ತ್ರಜ್ಞರು ಮೊದಲೇ ತಿಳಿದಿದ್ದರು. ಆದಕಾರಣವೇ ಅನುಮತಿ ಕೊಡುವಾಗ ಒಂದು ನಿಬಂಧನೆಯನ್ನು ವಿಧಿಸಿದ್ದರು. ಬಿ.ಟಿ. ಹತ್ತಿಯ ಸುತ್ತಲೂ ಐದು ಸಾಲುಗಳು ಅಥವಾ ವಿಸ್ತೀರ್ಣದಲ್ಲಿ ನೂರಕ್ಕೆ ೨೦ ಭಾಗ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಬಿ.ಟಿ. ಅಲ್ಲದ ಹತ್ತಿಯನ್ನು ಬಿತ್ತಬೇಕು. ಇದಕ್ಕಾಗಿ ೪೫೦ ಗ್ರಾಂ ಬಿ.ಟಿ. ಬೀಜದ ಜೊತೆಗೆ ೧೨೦ ಗ್ರಾಂ ಸಾಧಾರಣ ಬೀಜದ ಪೊಟ್ಟಣವನ್ನು ಕೊಡುತ್ತಿದ್ದರು. ಇದನ್ನು ಆಶ್ರಯ ಬೆಳೆಯೆನ್ನುತ್ತಾರೆ.

ಹುಳುವಿಗೆ ನಾವೇ ಆಶ್ರಯ ಕೊಡುವುದೆಂದರೆ ವಿಚಿತ್ರವಾಗಿ ತೋರಬಹುದು. ಇದರ ಗುಟ್ಟನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಒಂದು ಗ್ರಾಮದ ಬಿ.ಟಿ. ಹೊಲಗಳಲ್ಲಿ ಶಕ್ತಿಯುಳ್ಳ ಹತ್ತು ಪತಂಗಗಳು ಮಾತ್ರ ಉಳಿದುವೆಂದು ಇಟ್ಟುಕೊಳ್ಳೋಣ. ಆಶ್ರಯ ಬೆಳೆಯಿಲ್ಲದಿದ್ದರೆ ಆ ಹತ್ತೂ ತಮ್ಮಲ್ಲಿಯೇ ಕೂಡುವುವು; ಹುಟ್ಟುವ ಮರಿಗಳೆಲ್ಲವೂ ತಂದೆತಾಯಿಗಳಿಬ್ಬರಿಂದಲೂ ಆ ಶಕ್ತಿಯನ್ನು ಪಡೆದು ಬಿ.ಟಿ. ಹತ್ತಿಯನ್ನು ತಿಂದು ಬದುಕುವುವು. ಹಾಗಲ್ಲದೆ ಪಕ್ಕದ ಆಶ್ರಯ ಬೆಳೆಯಲ್ಲಿ ಐನೂರು ದುರ್ಬಲ ಪತಂಗಗಳು ಹುಟ್ಟಿದುವೆಂದು ತಿಳಿಯಿರಿ. ಆಗ ಶಕ್ತಿಯುಳ್ಳ ಪತಂಗಕ್ಕೆ ತನ್ನಂತಹುದೇ ಜೊತೆ ಸಿಕ್ಕುವ ಸಂಭವ ಐವತ್ತರಲ್ಲಿ ಒಂದು ಮಾತ್ರ. ಮಿಕ್ಕ ನಲವತ್ತೊಂಬತ್ತು ಸಲ ಅದು ದುರ್ಬಲವಾದುದರೊಡನೆಯೇ ಕೂಡುವುದು. ಈ ಶಕ್ತಿಯು ಸಾಮಾನ್ಯವಾಗಿ ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ಫಲಿಸುವಂಥಾದ್ದು. ಒಬ್ಬರಿಂದ ಮಾತ್ರ ಬಂದ ಮರಿಯು ಬಿ.ಟಿ. ಹತ್ತಿಯನ್ನು ತಿಂದರೆ ಸಾಯುತ್ತದೆ. ಹೀಗೆ ದುರ್ಬಲ ಹುಳುಗಳನ್ನು ಸ್ವಲ್ಪ ಸಾಕುವುದರಿಂದಲೇ ಪ್ರಬಲ ಹುಳುಗಳ ವಂಶವನ್ನು ಕ್ಷೀಣಗೊಳಿಸಬಹುದು.

ಆದರೆ ನಮ್ಮಲ್ಲಿ ಈ ಕ್ರಮ ನಡೆಯಲಿಲ್ಲ. ನಲವತ್ತು ಗುಂಟೆಯ ಎಕರೆಯಲ್ಲಿ ಎಂಟು ಗುಂಟೆಯನ್ನು ಹುಳುವಿಗೆ ಬಿಡುವುದೆಂದರೆ, ಮೂರೆಕರೆಯ ರೈತನಿಗೆ ಅದು ಸಣ್ಣ ಮಾತಲ್ಲ. ನಷ್ಟವು ಇಂದೇ, ತನ್ನ ಹೊಲದಲ್ಲೇ ಕಣ್ಣಿಗೆ ಕಾಣುತ್ತದೆ. ಲಾಭವಾದರೋ ಐದಾರು ವರ್ಷಗಳ ಮೇಲೆ, ಅದೂ ಊರಿಗೆಲ್ಲಾ ಸೇರಿ ಬರತಕ್ಕದ್ದು. ನೆರೆಯವನು ಬಿತ್ತದಿರುವಾಗ ತಾನೊಬ್ಬನೇ ಏಕೆ ಬಿತ್ತಬೇಕೆಂದು ಪ್ರತಿಯೊಬ್ಬನೂ ಯೋಚಿಸಿದನು. ಸಣ್ಣ ಪೊಟ್ಟಣವು ಬದುವಿನ ಮೇಲೆ ಬಿದ್ದಿತು. ಪೊಟ್ಟಣದ ಬೀಜವೂ ಎಲ್ಲ ವೇಳೆಯಲ್ಲಿಯೂ ಮುಖ್ಯ ಬೆಳೆಯೊಡನೆ ಸರಿಯಾಗಿ ಹೂಬಿಡುವಂಥ ಒಳ್ಳೆಯ ಬೀಜವಾಗಿರಲಿಲ್ಲ. ಆದುದರಿಂದ ದೋಷವನ್ನು ರೈತನ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ.

ಇನ್ನೂ ಎರಡು ಕಾರಣಗಳುಂಟು. ನಮ್ಮ ದೇಶದಲ್ಲಿ ಬಿತ್ತುವುದು ಹೆಚ್ಚಾಗಿ ಮಿಶ್ರತಳಿಯ ಬೀಜ. ಇದರ ಗಿಡದಲ್ಲಿ ಕಟ್ಟುವ ಕಾಯಿಯೊಳಗಿನ ಬೀಜಗಳೆಲ್ಲವೂ ಒಂದೇ ವಿಧವಾಗಿರುವುದಿಲ್ಲ. ಕೆಲವುಗಳಲ್ಲಿ ಎರಡು ಸಸಾರಜನಕಗಳೂ, ಕೆಲವುಗಳಲ್ಲಿ ಒಂದೂ ಇದ್ದು, ಕೆಲವುಗಳಲ್ಲಿ ಯಾವುದೂ ಇರುವುದಿಲ್ಲ. ಬೀಜವನ್ನೇ ತಿನ್ನುವ ಗುಲಾಬಿ ಕಾಯಿಕೊರಕಕ್ಕೆ ಒಂದೊಂದನ್ನಾಗಿ ಎದುರಿಸಲು ಇದು ಅನುಕೂಲ ಮಾಡಿಕೊಟ್ಟಿತು. ಎರಡನೆಯದಾಗಿ, ನೀರಿರುವ ಕಡೆ ಆರೇಳು ತಿಂಗಳು, ಕೆಲವೆಡೆ ಅದಕ್ಕೂ ಹೆಚ್ಚು ಕಾಲ ಬೆಳೆಯನ್ನು ಹೊಲದಲ್ಲಿ ಇಟ್ಟುಕೊಂಡುದರಿಂದ ಹುಳುವಿಗೆ ವರ್ಷವೆಲ್ಲ ಊಟ ದೊರೆಯಿತು.

ಇತರ ದೇಶಗಳ ಅನುಭವ

ಅಮೆರಿಕದ ಅರಿಜೋನ ಪ್ರಾಂತ್ಯದಲ್ಲಿಯೂ ಇದೇ ಹುಳು, ಇದೇ ಬಿ.ಟಿ. ಹತ್ತಿ. ಅಲ್ಲಿ ೧೯೯೬ರಿಂದ ಹತ್ತು ವರ್ಷಗಳ ಕಾಲ ಆಶ್ರಯ ಬೆಳೆಯ ನಿಯಮವನ್ನು ಚೆನ್ನಾಗಿ ಪಾಲಿಸಿದರು; ಹುಳುವಿಗೆ ಶಕ್ತಿ ಬರಲಿಲ್ಲ. ಅನಂತರ ೨೦೦೬ರಿಂದ ಸಂತಾನಶಕ್ತಿಯನ್ನು ಕಳೆದ ಪತಂಗಗಳನ್ನು ಕೋಟ್ಯಂತರವಾಗಿ ವಿಮಾನಗಳಿಂದ ಹೊಲಗಳ ಮೇಲೆ ಬಿಟ್ಟರು. ೨೦೧೮ನೆಯ ಅಕ್ಟೋಬರಿನಲ್ಲಿ ಆ ದೇಶದ ಹತ್ತಿ ಸೀಮೆಗಳಿಂದ ಗುಲಾಬಿ ಕಾಯಿಕೊರಕವು ನಿರ್ಮೂಲವಾಯಿತೆಂದು ಸರ್ಕಾರವು ಸಾರಿತು. ಚೀನಾದ ಯಾಂಗ್ಟ್ಸಿ ನದಿಯ ಬಯಲಿನಲ್ಲಿ ರೈತರು ಮಿಶ್ರತಳಿಯ ಎರಡನೆಯ ತಲೆಮಾರಿನ ಬೀಜವನ್ನು ಬಿತ್ತಿದುದರಿಂದ ಹೊಲದಲ್ಲಿ ಕಾಲುಭಾಗದಷ್ಟು ಬಿ.ಟಿ. ಅಲ್ಲದ ಗಿಡಗಳು ತಾವಾಗಿಯೇ ಬೆರೆತು, ಹೆಚ್ಚುತ್ತಿದ್ದ ಹುಳುವಿನ ಶಕ್ತಿಯು ಇಳಿಮುಖವಾಯಿತು. ಇವುಗಳಿಂದ ತಿಳಿಯತಕ್ಕದ್ದೇನೆಂದರೆ, ತತ್ವವು ಸುಳ್ಳಲ್ಲ; ಅದನ್ನು ಆಚರಿಸಿದಲ್ಲಿ ಫಲವಿದೆ.

ನಮ್ಮ ದೇಶದಲ್ಲಿಯೂ ಸಣ್ಣ ಪೊಟ್ಟಣದ ಕ್ರಮವನ್ನು ಬದಲಾಯಿಸಿ, ೨೦೧೬ರ ಅಧಿಸೂಚನೆಯ ಮೇರೆಗೆ, ನೂರಕ್ಕೆ ೫ರಿಂದ ೧೦ರಷ್ಟು ಬಿ.ಟಿ. ಅಲ್ಲದ ಬೀಜವನ್ನು ಅದೇ ಪೊಟ್ಟಣದಲ್ಲಿ ಬೆರೆಸಿ ಕೊಡುವ ಕ್ರಮವನ್ನು ತಂದಿದ್ದಾರೆ. ಬೆರಕೆಯಿರುವ ಬೀಜದಿಂದ ಹುಟ್ಟಿದ ಕೆಲವು ಗಿಡಗಳಲ್ಲಿ ಹುಳು ಹೆಚ್ಚಾಗಿ ಕಂಡರೆ ಅವನ್ನು ಕಿತ್ತೊಗೆಯಬಾರದು. ಅವು ಊರಿನ ಹಿತಕ್ಕಾಗಿ ಇರುವ ಗಿಡಗಳು.

ಹಾಗಾದರೆ ಆಶ್ರಯ ಬೆಳೆಯೊಂದರಿಂದಲೇ ಈಗಿನ ಹಾವಳಿ ನಿಂತೀತೆ ಎಂದು ಕೇಳಿದರೆ, ನಿಲ್ಲದೆಂದೇ ಹೇಳಬೇಕು. ಗುಲಾಬಿ ಕಾಯಿಕೊರಕವು ಈಗಾಗಲೇ ಎರಡು ಸಸಾರಜನಕಗಳನ್ನೂ ಗೆದ್ದಿರುವುದರಿಂದ, ಈ ಹುಳುವಿನ ಮಟ್ಟಿಗೆ ಬಿ.ಟಿ. ಹತ್ತಿಯನ್ನು ಸಾಧಾರಣ ಹತ್ತಿಯೆಂದೇ ಎಣಿಸಿ ಬೇಸಾಯ ಮಾಡತಕ್ಕದ್ದು. ಹಸಿರು ಮತ್ತು ಚುಕ್ಕೆ ಕಾಯಿಕೊರಕಗಳ ಮೇಲೆ ಇರುವ ಗುಣವನ್ನು ಉಳಿಸಿಕೊಳ್ಳುವುದಕ್ಕಾದರೂ ಆಶ್ರಯದ ನಿಯಮವನ್ನು ಬಿಡಬಾರದು. ಈ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ಅನುಕೂಲವಿದೆ. ಶೇಂಗಾ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲುಗಳನ್ನು ಹಾಕುವುದು ಇಲ್ಲಿಯ ಹಿರಿಯರ ಪದ್ಧತಿ. ಹಸಿರು ಕಾಯಿಕೊರಕವು ತೊಗರಿಯಲ್ಲಿಯೂ ಬೆಳೆಯುವುದರಿಂದ, ಬಿ.ಟಿ.ಯ ಸಂಪರ್ಕವಿಲ್ಲದ ದುರ್ಬಲ ಪತಂಗಗಳು ಅಲ್ಲಿಂದ ಹೊರಟು ಹತ್ತಿಯ ಹೊಲದ ಪತಂಗಗಳೊಡನೆ ಕೂಡುತ್ತವೆ. ಆ ಹುಳುವು ಇಷ್ಟು ವರ್ಷಗಳಾದರೂ ಗುಲಾಬಿ ಕಾಯಿಕೊರಕದಷ್ಟು ಬೇಗ ಶಕ್ತಿಯನ್ನು ಪಡೆಯದಿರುವುದಕ್ಕೆ ಇಂಥ ಬೆಳೆಗಳೂ ಒಂದು ಕಾರಣ. ಆದರೆ ತೊಗರಿಯನ್ನು ಮುಟ್ಟದ ಗುಲಾಬಿ ಕಾಯಿಕೊರಕದ ವಿಷಯದಲ್ಲಿ ಈ ಸಾಲುಗಳಿಂದ ಪ್ರಯೋಜನವಿಲ್ಲ.

ಕೈಕೊಳ್ಳಬೇಕಾದ ಕ್ರಮಗಳು

೧. ಬಿತ್ತನೆಯ ಕಾಲ. ಮೊದಲ ಮಳೆಗೆ ಎಚ್ಚೆತ್ತ ಪತಂಗಕ್ಕೆ ಹತ್ತಿಯ ಮೊಗ್ಗು ಸಿಕ್ಕದಿದ್ದರೆ ಅದು ಕೆಲವೇ ದಿನಗಳಲ್ಲಿ ಸಂತಾನವಿಲ್ಲದೆ ಸಾಯುತ್ತದೆ. ಕೊಳವೆಬಾವಿಯ ನೀರನ್ನು ನಂಬಿ ಏಪ್ರಿಲ್ ಮೇ ತಿಂಗಳುಗಳಲ್ಲಿಯೇ ಬಿತ್ತಿದ ಒಬ್ಬ ರೈತನ ಹೊಲವು ಇಂಥ ಪತಂಗಗಳಿಗೆ ತೊಟ್ಟಿಲಾಗಿ, ಊರಿನ ಮಿಕ್ಕ ಹೊಲಗಳಿಗೆ ಹುಳುವನ್ನು ಹಂಚುತ್ತದೆ. ಆದುದರಿಂದ ಮುಂಚಿತವಾಗಿ ಬಿತ್ತದೆ, ಮೃಗಶಿರ ಆರಿದ್ರಾ ಮಳೆಗಳ ಹದವನ್ನು ನೋಡಿಕೊಂಡು, ಗ್ರಾಮದವರೆಲ್ಲರೂ ಸಾಧ್ಯವಾದಷ್ಟು ಒಂದೇ ಕಾಲದಲ್ಲಿ ಬಿತ್ತಬೇಕು.

೨. ತಳಿಯ ಆಯ್ಕೆ. ೧೫೦ರಿಂದ ೧೬೦ ದಿನಗಳಲ್ಲಿ ಮುಗಿಯುವ ತಳಿಯನ್ನೇ ಆರಿಸಬೇಕು. ಬೀಜವನ್ನು ಕೊಂಡಾಗ ರಸೀದಿಯನ್ನೂ ಖಾಲಿ ಪೊಟ್ಟಣವನ್ನೂ ಬೆಳೆ ಮುಗಿಯುವವರೆಗೆ ಕಾದಿಟ್ಟುಕೊಳ್ಳತಕ್ಕದ್ದು. ಹೆಸರು ವಿಳಾಸಗಳಿಲ್ಲದೆ, ಕಳೆನಾಶಕಕ್ಕೂ ಸಾಯದ ಹತ್ತಿಯೆಂದು ಗುಟ್ಟಾಗಿ ಮಾರುವ ಬೀಜಕ್ಕೆ ಅನುಮತಿಯಿಲ್ಲ. ಅದರಲ್ಲಿ ಆಶ್ರಯದ ಬೀಜವೂ ಇರುವುದೆಂಬ ಭರವಸೆಯಿಲ್ಲ, ನಷ್ಟವಾದರೆ ಕೇಳುವುದಕ್ಕೆ ಆಧಾರವೂ ಇಲ್ಲ.

೩. ಮೋಹಕ ಬಲೆಗಳು. ಹೆಣ್ಣು ಪತಂಗವು ಗಂಡನ್ನು ಕರೆಯಲು ಹೊರಡಿಸುವ ವಾಸನೆಯನ್ನು ೧೯೭೩ರಲ್ಲಿ ಶಾಸ್ತ್ರಜ್ಞರು ಕಂಡುಹಿಡಿದು ಕೃತಕವಾಗಿ ತಯಾರಿಸಿದ್ದಾರೆ. ಈ ವಾಸನೆಯ ಗುಳಿಗೆಯನ್ನಿಟ್ಟ ಬಲೆಗಳನ್ನು ಬಿತ್ತಿದ ೪೫ ದಿನಗಳಿಂದ ಎಕರೆಗೆ ಎರಡರಂತೆ, ಪೈರಿನ ತುದಿಗಿಂತ ಸ್ವಲ್ಪ ಎತ್ತರವಾಗಿ ನಿಲ್ಲಿಸಬೇಕು. ಸತತವಾಗಿ ಮೂರು ರಾತ್ರಿಗಳು ಬಲೆಯೊಂದಕ್ಕೆ ಎಂಟು ಪತಂಗಗಳು ಬಿದ್ದರೆ ಹುಳುವು ಹತೋಟಿ ಮೀರುತ್ತಿದೆಯೆಂದು ತಿಳಿಯಬೇಕು. ಗುಳಿಗೆಯನ್ನು ಅದರ ಮೇಲೆ ಬರೆದಿರುವ ಅವಧಿಗೆ ಸರಿಯಾಗಿ ಬದಲಾಯಿಸಬೇಕು. ಪತಂಗಗಳನ್ನೇ ಹಿಡಿದು ಕಡಮೆ ಮಾಡುವ ಉದ್ದೇಶವಿದ್ದರೆ ಎಕರೆಗೆ ಹದಿನಾರು ಇಪ್ಪತ್ತು ಬಲೆಗಳು ಬೇಕು. ಒಬ್ಬನೇ ಇಡುವುದಕ್ಕಿಂತ ಅಕ್ಕಪಕ್ಕದವರು ಕೂಡಿ ಇಟ್ಟರೆ ಫಲ ಹೆಚ್ಚು.

೪. ಹೂ ಮತ್ತು ಕಾಯಿಗಳ ಪರೀಕ್ಷೆ. ಹುಳು ಹೊಕ್ಕ ಹೂವಿನ ಎಸಳುಗಳು ಅರಳದೆ ಒಂದಕ್ಕೊಂದು ಅಂಟಿಕೊಂಡು ಗುಲಾಬಿ ಮೊಗ್ಗಿನಂತೆ ಸುರುಳಿಯಾಗಿರುತ್ತವೆ. ಇಂಥ ಹೂಗಳನ್ನು ಕಂಡಲ್ಲಿ ಕಿತ್ತು ನಾಶಮಾಡಬೇಕು. ಕಾಯಿ ಕಟ್ಟಿದ ಮೇಲೆ ವಾರಕ್ಕೊಮ್ಮೆ ಎಕರೆಗೆ ಇಪ್ಪತ್ತು ಹಸಿರು ಕಾಯಿಗಳನ್ನು ಬೇರೆಬೇರೆ ಗಿಡಗಳಿಂದ ಕಿತ್ತು ಕುಡುಗೋಲಿನಿಂದ ಸೀಳಿ ನೋಡಬೇಕು. ಇಪ್ಪತ್ತರಲ್ಲಿ ಎರಡರಲ್ಲಿ ಹುಳುವಿದ್ದರೆ ಔಷಧ ಹೊಡೆಯುವ ಕಾಲ ಬಂದಿತು. ಹೊರಗಿನಿಂದ ನೋಡಿ ಬೆಳೆ ಚೆನ್ನಾಗಿದೆಯೆಂದು ನಂಬಿಕೊಂಡವರೇ ಹೆಚ್ಚಾಗಿ ಮೋಸಹೋಗುತ್ತಾರೆ.

೫. ಔಷಧಗಳು. ಮೊದಲಲ್ಲಿ ನೂರು ಲೀಟರ್ ನೀರಿಗೆ ಐದು ಕಿಲೋಗ್ರಾಂ ಬೇವಿನ ಬೀಜದ ತಿರುಳಿನ ಕಷಾಯವನ್ನು ಸಿಂಪಡಿಸಬಹುದು. ಮೊಟ್ಟೆಗಳನ್ನು ನಾಶಮಾಡುವ ಟ್ರೈಕೊಗ್ರಮಟಾಯ್ಡಿಯ ಬ್ಯಾಕ್ಟ್ರೆ ಎಂಬ ಪರಜೀವಿ ಕಣಜಗಳನ್ನು ಎಕರೆಗೆ ೬೦,೦೦೦ದಂತೆ ಬಿಡುವುದೂ ಉಂಟು. ಅವನ್ನು ಬಿಟ್ಟ ಹೊಲಕ್ಕೆ ಆ ದಿನಗಳಲ್ಲಿ ವಿಷ ಹೊಡೆಯಬಾರದು. ಮೇಲೆ ಹೇಳಿದ ಮಿತಿಯನ್ನು ಹುಳುವು ದಾಟಿದರೆ ಮಾತ್ರ ಲೀಟರ್ ನೀರಿಗೆ ೨ ಮಿಲಿಲೀಟರ್ ಪ್ರೊಫೆನೊಫಾಸ್ ೫೦ ಇ.ಸಿ., ಅನಂತರ ಅವಶ್ಯವಾದರೆ ೦.೫ ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್ ೫ ಎಸ್.ಜಿ., ಹೀಗೆ ಬದಲಾಯಿಸುತ್ತಾ ಸಿಂಪಡಿಸಬೇಕು. ಒಂದೇ ಔಷಧವನ್ನು ಪದೇಪದೇ ಹೊಡೆದರೆ ಬಿ.ಟಿ.ಗೆ ಆದ ಗತಿಯೇ ಅದಕ್ಕೂ ಆಗುವುದು. ಎರಡು ಮೂರು ಔಷಧಗಳನ್ನು ಒಟ್ಟಿಗೆ ಕಲಸಬಾರದು. ಗಾಳಿಗೆ ಎದುರಾಗಿ, ಬರಿಮೈಯಲ್ಲಿ, ಹಸಿದ ಹೊಟ್ಟೆಯಲ್ಲಿ ಸಿಂಪಡಿಸಕೂಡದು. ಮೂಗು ಬಾಯಿಗಳಿಗೆ ಮುಸುಕು, ಕೈಗೆ ಚೀಲ, ತುಂಬುತೋಳಿನ ಅಂಗಿ ಇವು ಅವಶ್ಯ. ಪೈರು ಆಳೆತ್ತರ ಬೆಳೆದಿರುವಾಗ ಈ ಎಚ್ಚರಿಕೆ ಎರಡರಷ್ಟಿರಬೇಕು.

೬. ಬೆಳೆಯ ಮುಕ್ತಾಯ. ಇದು ಎಲ್ಲಕ್ಕಿಂತಲೂ ಮುಖ್ಯವಾದ ಕ್ರಮ. ಡಿಸೆಂಬರ್ ತಿಂಗಳೊಳಗಾಗಿ ಬೆಳೆಯನ್ನು ಮುಗಿಸಬೇಕು. ಕೊನೆಯ ಬಿಡಿಸುವಿಕೆಯ ಆಸೆಗಾಗಿ ನೀರು ಹಾಯಿಸಿ ಕುಳೆ ಬೆಳೆಯನ್ನು ಬಿಟ್ಟರೆ, ಸಿಕ್ಕುವುದು ಕರೆಗಟ್ಟಿದ ಸ್ವಲ್ಪ ಅರಳೆ. ಉಳಿಯುವುದು ಮುಂದಿನ ವರ್ಷದ ಹುಳು. ಬಿಡಿಸುವುದು ಮುಗಿದ ಕೂಡಲೇ ಹೊಲದಲ್ಲಿ ಕುರಿ ಮೇಕೆಗಳನ್ನು ಮೇಯಿಸುವುದು ಬಹಳ ಉತ್ತಮ. ಇತ್ತೀಚೆಗೆ ವಿಷ ಸಿಂಪಡಿಸಿರದ ಹೊಲವಾಗಿರಬೇಕೆಂಬುದನ್ನು ಮಾತ್ರ ಮರೆಯಬಾರದು. ಈ ಎರಡು ತಾಲ್ಲೂಕುಗಳಲ್ಲಿ ಕುರಿ ಮಂದೆಗಳಿಗೆ ಕೊರತೆಯಿಲ್ಲ. ಅರಳದ ಕಾಯಿಗಳನ್ನೂ ಅದರೊಳಗಿನ ಹುಳುಗಳನ್ನೂ ಅವು ಮುಗಿಸುವುದಲ್ಲದೆ ಹೊಲಕ್ಕೆ ಗೊಬ್ಬರವೂ ಆಗುತ್ತದೆ.

೭. ಹತ್ತಿಕಟ್ಟಿಗೆ. ಮಂದೆ ಎದ್ದಮೇಲೆ ಗಿಡಗಳನ್ನು ಬೇರುಸಹಿತ ಕಿತ್ತು, ಯಂತ್ರದಿಂದ ಚೂರುಮಾಡಿ ಗೊಬ್ಬರಕ್ಕೆ ಸೇರಿಸುವುದು ಮೇಲು. ಉರುವಲಿಗೆ ಇಟ್ಟುಕೊಳ್ಳುವವರು ಕಾಯಿಗಳನ್ನೆಲ್ಲಾ ಬಡಿದು ಉದುರಿಸಿ ಸುಟ್ಟು, ಕಟ್ಟಿಗೆಯನ್ನು ರೋಹಿಣಿ ಮಳೆಗೆ ಮುಂಚೆ ಉರಿಸಿ ಮುಗಿಸಬೇಕು. ಹೊಲದ ಬದುವಿನಲ್ಲಿ ಮೆದೆ ಹಾಕಿ ಮಳೆಗಾಲದವರೆಗೆ ಬಿಡುವುದೆಂದರೆ ಹುಳುವಿಗೆ ಮನೆ ಕಟ್ಟಿಕೊಟ್ಟಂತೆ. ಬೇಸಗೆಯಲ್ಲಿ ಆಳವಾಗಿ ಉತ್ತರೆ ಮಣ್ಣಿನಲ್ಲಿರುವ ಹುಳುಗಳೂ ಕೋಶಗಳೂ ಬಿಸಿಲಿಗೂ ಹಕ್ಕಿಗಳಿಗೂ ಬಲಿಯಾಗುವುವು.

೮. ಬೆಳೆಯ ಬದಲಾವಣೆ. ಹತ್ತಿಯ ಮೇಲೆ ಹತ್ತಿಯನ್ನು ಬೆಳೆಯದೆ ಶೇಂಗಾ, ಜೋಳ, ಸಜ್ಜೆ, ನವಣೆಗಳಲ್ಲಿ ಯಾವುದನ್ನಾದರೂ ಸರದಿಯಲ್ಲಿ ಹಾಕಬೇಕು. ಹತ್ತಿಯಲ್ಲದೆ ಬೇರೇನನ್ನೂ ತಿನ್ನಲಾರದ ಹುಳುವಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ರೇಷ್ಮೆ ಬೆಳೆಗಾರರಿಗೆ ಎಚ್ಚರಿಕೆ

ಮೊಳಕಾಲ್ಮೂರು ರೇಷ್ಮೆ ಸೀರೆಗೆ ಪ್ರಸಿದ್ಧವಾದ ಊರು. ಈ ಭಾಗದಲ್ಲಿ ಹಿಪ್ಪುನೇರಳೆ ತೋಟವನ್ನೂ ಹತ್ತಿಯನ್ನೂ ಒಟ್ಟಿಗೆ ಬೆಳೆಯುವವರು ಒಂದು ವಿಷಯವನ್ನು ಮರೆಯಬಾರದು. ರೇಷ್ಮೆಹುಳುವೂ ಕಾಯಿಕೊರಕವೂ ಪತಂಗಗಳ ದೊಡ್ಡ ಗುಂಪಿಗೇ ಸೇರಿದುವು. ಅಂಗಡಿಗಳಲ್ಲಿ ಪುಡಿಯ ಅಥವಾ ದ್ರವದ ರೂಪದಲ್ಲಿ ಸಿಕ್ಕುವ ಬಿ.ಟಿ. ಜೈವಿಕ ಔಷಧವನ್ನು, ನಿರಪಾಯಕರವೆಂಬ ನಂಬಿಕೆಯಿಂದ, ಹಿಪ್ಪುನೇರಳೆ ತೋಟದ ಬಳಿ ಎಂದಿಗೂ ಸಿಂಪಡಿಸಬಾರದು. ಈ ಸೂಕ್ಷ್ಮಜೀವಿಯು ಮೊದಲು ಪತ್ತೆಯಾದುದೇ ಸತ್ತ ರೇಷ್ಮೆಹುಳುಗಳಿಂದ ಎಂಬುದನ್ನು ಮೇಲೆ ಹೇಳಿದೆ. ಇತರ ಕೀಟನಾಶಕಗಳನ್ನು ಹೊಡೆಯುವಾಗಲೂ ಗಾಳಿಯ ದಿಕ್ಕನ್ನು ನೋಡಿ, ನೆರೆಯವರಿಗೆ ಮುಂಚಿತವಾಗಿ ತಿಳಿಸಬೇಕು. ಒಂದು ಸಂಜೆಯ ಅಜಾಗರೂಕತೆಯಿಂದ ನೆರೆಯವರ ಮನೆಯ ತಟ್ಟೆಗಳಲ್ಲಿರುವ ಹುಳುಗಳೆಲ್ಲವೂ ಸಾಯಬಹುದು.

ಉಪಸಂಹಾರ

ಮೇಲೆ ಹೇಳಿದ ಎಂಟು ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ಖರ್ಚು ಸ್ವಲ್ಪವೇ. ಆದರೆ ಒಬ್ಬನೇ ಮಾಡಿದರೆ ಫಲವೂ ಸ್ವಲ್ಪವೇ. ಪತಂಗಕ್ಕೆ ಸರ್ವೆ ನಂಬರು ತಿಳಿಯದು. ಬದುವೂ ಅದಕ್ಕೆ ಅಡ್ಡಿಯಲ್ಲ, ತಾಲ್ಲೂಕಿನ ಎಲ್ಲೆಯೂ ಅಡ್ಡಿಯಲ್ಲ. ಪಕ್ಕದ ರಾಯದುರ್ಗ ಬಳ್ಳಾರಿಗಳ ಹೊಲಗಳಿಂದಲೂ ಅದು ಬರಬಲ್ಲದು, ನಮ್ಮಿಂದ ಅಲ್ಲಿಗೂ ಹೋಗಬಲ್ಲದು. ಕೆರೆಯ ನೀರನ್ನು ಸರದಿಯಂತೆ ಹಂಚಿಕೊಂಡು ಬೇಸಾಯ ಮಾಡಿದ ಹಳ್ಳಿಗಳಿಗೆ, ಬಿತ್ತನೆಯ ದಿನವನ್ನೂ ಕೊನೆಯ ಬಿಡಿಸುವಿಕೆಯ ದಿನವನ್ನೂ ಕೂಡಿ ಗೊತ್ತುಮಾಡಿಕೊಳ್ಳುವುದು ಅಸಾಧ್ಯವಲ್ಲ. ಗ್ರಾಮದ ಮುಖ್ಯಸ್ಥರು ಯುಗಾದಿಯ ನಂತರ ಒಂದು ದಿನ ಹತ್ತಿ ಬೆಳೆಗಾರರನ್ನು ಸೇರಿಸಿ ಈ ಎರಡು ದಿನಗಳನ್ನು ನಿಶ್ಚಯಿಸಿದರೆ ಅರ್ಧ ಕೆಲಸ ಆದಂತೆಯೇ.

ಬಿ.ಟಿ. ಹತ್ತಿಯ ಗುಣವು ಕೊಂಡ ಬೀಜದೊಡನೆ ಬಂದುದಾದರೂ, ಅದು ಒಬ್ಬೊಬ್ಬರ ಸ್ವಂತ ಸೊತ್ತಲ್ಲ. ಊರ ಗೋಮಾಳದಂತೆ ಎಲ್ಲರಿಗೂ ಸೇರಿದುದು. ಎಲ್ಲರೂ ಮಿತಿಯಿಲ್ಲದೆ ಮೇಯಿಸಿದರೆ ಬರಿದಾಗುವುದು. ಒಂದು ಹುಳುವಿನ ವಿಷಯದಲ್ಲಿ ಅದು ಈಗಾಗಲೇ ಬರಿದಾಗಿದೆ. ಉಳಿದುದನ್ನು ಕಾಪಾಡಿಕೊಳ್ಳುವುದೂ, ಬರಿದಾದ ಕಡೆ ಹಿರಿಯರ ಹಳೆಯ ಬೇಸಾಯಕ್ರಮಗಳಿಂದ ತುಂಬಿಕೊಳ್ಳುವುದೂ ನಮ್ಮ ಕೈಯಲ್ಲಿಯೇ ಇದೆ. ಹೆಚ್ಚಿನ ವಿವರಗಳನ್ನು ತಿಳಿಯಬಯಸುವ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ, ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿಯಾಗಲಿ ವಿಚಾರಿಸಬಹುದು. ಹೋಗುವಾಗ ತಮ್ಮ ಹೊಲದಿಂದ ಸೀಳದ ಹತ್ತು ಹಸಿರು ಕಾಯಿಗಳನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಮಾತಿಗಿಂತ ಅವೇ ಹೆಚ್ಚು ವಿಷಯವನ್ನು ತಿಳಿಸುವುವು.